ಹ್ಯಾಂಡಲ್‌ಗೆ ಬ್ಯಾಗು, ಬ್ರೇಕಿಗೆ ಜಾಗ

ನಮ್ಮ ಶಾಲೆಯ ಹುಣಸೆಮರದ ಕೆಳಗೆ ದಿನಾ ನಿಲ್ಲುವ ಸೈಕಲ್‌ಗಳನ್ನು ಬೆಳಿಗ್ಗೆ ಬರುವಾಗ ಒಮ್ಮೆ ಗಮನಿಸಿ ನೋಡಿ. ಹೆಚ್ಚಿನವುಗಳ ಹ್ಯಾಂಡಲ್‌ನಲ್ಲಿ ಒಂದು ಸ್ಕೂಲ್ ಬ್ಯಾಗು ನೇತಾಡುತ್ತಾ ಇರುತ್ತದೆ. ಬೆನ್ನಿಗೆ ಹಾಕ್ಕೊಳ್ಳಬಾರದಾ ಅಂತ ಪೇಟೆಯವರು ಕೇಳಬಹುದು. ನಾಲ್ಕೈದು ಕಿಲೋಮೀಟರ್ ಮಣ್ಣು ರಸ್ತೆ ತುಳಿದು ನೋಡಲಿ, ಆಮೇಲೆ ಕೇಳಲಿ. ಕ್ಯಾರಿಯರ್‌ಗೆ ಕಟ್ಟೋಣ ಅಂದ್ರೆ ಅಲ್ಲಿ ತಂಗಿ ಕೂತಿರುತ್ತಾಳೆ, ಇಲ್ಲದಿದ್ದರೆ ಡೇರಿಗೆ ಹಾಕೋ ಹಾಲಿನ ಕ್ಯಾನು, ಸಂಜೆಯಾದರೆ ಹಸುವಿಗೆ ಹುಲ್ಲಿನ ಹೊರೆ. ಹೀಗಾಗಿ ಬ್ಯಾಗಿಗೆ ಉಳಿಯೋದು ಹ್ಯಾಂಡಲ್ ಒಂದೇ.

ಅಲ್ಲಿ ಬ್ಯಾಗು ಇಡಬಾರದು ಅಂತ ನಾನು ಹೇಳೋದಿಲ್ಲ. ಆದರೆ ಹ್ಯಾಂಡಲ್ ಅನ್ನೋದು ಗೋಡೆಗೆ ಹೊಡೆದ ಗೂಟ ಅಲ್ಲ. ಸೈಕಲ್ ತಿರುಗಿಸೋದೂ ಅದೇ, ನಿಲ್ಲಿಸೋದೂ ಅದೇ. ಹೋದ ವರ್ಷ ಪಕ್ಕದ ಊರಿನ ಅಣ್ಣ ಒಬ್ಬರು ಇಳಿಜಾರಿನಲ್ಲಿ ಬರುವಾಗ ಬ್ಯಾಗಿನ ಪಟ್ಟಿ ಮುಂದಿನ ಚಕ್ರದ ಕಡ್ಡಿಗೆ ಸಿಕ್ಕಿಕೊಂಡಿತು. ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬಿದ್ದು ಎರಡು ಹಲ್ಲು ಕಳಕೊಂಡರು. ಲೆಕ್ಕ ಹಾಕಿ ನೋಡಿ. 28 ಇಂಚಿನ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಗಂಟೆಗೆ 15 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 4.2 ಮೀಟರ್ ಹತ್ತಿರ. ಚಕ್ರ ಒಂದು ಸೆಕೆಂಡಿನಲ್ಲಿ ಎರಡು ಸುತ್ತು ತಿರುಗುತ್ತದೆ. ಪಟ್ಟಿ ಕಡ್ಡಿಗೆ ಸಿಕ್ಕರೆ ಅರ್ಧ ಸೆಕೆಂಡಿನೊಳಗೆ ಅದು ಒಂದು ಸುತ್ತು ಹೋಗಿ ಫೋರ್ಕಿಗೆ ಬಿಗಿದು ಚಕ್ರವನ್ನು ನಿಲ್ಲಿಸಿಬಿಡುತ್ತದೆ. ಅರ್ಧ ಸೆಕೆಂಡಿನಲ್ಲಿ ಎಂಥಾ ಶೂರನೂ ಏನೂ ಮಾಡಕ್ಕಾಗಲ್ಲ.

ಕಡ್ಡಿಯ ಅಪಾಯ ಎಲ್ಲರಿಗೂ ಗೊತ್ತು, ಅಮ್ಮಂದಿರು ದಿನಾ ಹೇಳುತ್ತಾರೆ. ಬ್ರೇಕಿನ ಅಪಾಯ ಕಣ್ಣಿಗೆ ಬೀಳೋದಿಲ್ಲ. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮ ಕಡೆ ಎರಡು ಥರದ ಸೈಕಲ್ ಇವೆ. ಒಂದು ಅಪ್ಪ, ತಾತನ ಕಾಲದ ದೊಡ್ಡ ಕಪ್ಪು ಸೈಕಲ್ಲು. ಇದರ ಬ್ರೇಕಿಗೆ ಕಬ್ಬಿಣದ ಸರಳು, ಅಂದ್ರೆ ರಾಡು. ಬ್ರೇಕ್ ಹಿಡಿ ಹ್ಯಾಂಡಲ್‌ನ ಕೆಳಗೆ ಅದರ ಪಕ್ಕದಲ್ಲೇ ಓಡುತ್ತದೆ. ಮಧ್ಯದಲ್ಲಿ ಒಂದು ಸರಳು ಫ್ರೇಮಿನ ತಲೆಯ ಮುಂದೆ ಕೆಳಕ್ಕೆ ಇಳಿದು, ಚಕ್ರದ ಎರಡು ಕಡೆ ಲಾಳದ ಆಕಾರದ ಕಂಬಿಗೆ ಸೇರುತ್ತದೆ. ನಾವು ಹಿಡಿ ಅದುಮಿದಾಗ ಸರಳು ಮೇಲಕ್ಕೆ ಎದ್ದು, ಲಾಳದ ಎರಡು ತುದಿಯ ರಬ್ಬರುಗಳು ರಿಮ್ಮಿನ ಒಳಮುಖಕ್ಕೆ ಒತ್ತುತ್ತವೆ. ಇಡೀ ಕೆಲಸ ನಡೆಯೋದು ಬೆರಳಿನ ದಪ್ಪದಷ್ಟು ಚಲನೆಯಲ್ಲಿ. ಆ ಬೆರಳಿನ ದಪ್ಪವನ್ನು ಬ್ಯಾಗು ತಿಂದುಬಿಟ್ಟರೆ ಬ್ರೇಕ್ ಇಲ್ಲ.

ಅದು ತಿನ್ನೋದು ಎರಡು ರೀತಿಯಲ್ಲಿ. ಬ್ಯಾಗಿನ ದಪ್ಪ ಪಟ್ಟಿಯನ್ನು ಹ್ಯಾಂಡಲ್‌ಗೂ ಬ್ರೇಕ್ ಹಿಡಿಗೂ ಮಧ್ಯೆ ತೂರಿಸಿ ನೇತು ಹಾಕಿದರೆ, ಅದುಮಿದಾಗ ಹಿಡಿ ಪಟ್ಟಿಗೆ ತಾಗಿ ಅರ್ಧದಲ್ಲೇ ನಿಲ್ಲುತ್ತದೆ. ಕೈಗೆ ಮಾತ್ರ ಬ್ರೇಕ್ ಹಿಡಿದ ಹಾಗೆ ಅನಿಸುತ್ತದೆ, ರಬ್ಬರು ರಿಮ್ಮಿಗೆ ಮುಟ್ಟಿರೋದೇ ಇಲ್ಲ. ಇದಕ್ಕೆ ಉಲ್ಟಾ ಇನ್ನೊಂದು. ಹ್ಯಾಂಡಲನ್ನೂ ಬ್ರೇಕ್ ಹಿಡಿಯನ್ನೂ ಸೇರಿಸಿ ಬಿಗಿಯಾಗಿ ಸುತ್ತಿ ಗಂಟು ಹಾಕಿದರೆ ಬ್ರೇಕು ಸದಾ ಅರ್ಧ ಹಿಡಿದೇ ಇರುತ್ತದೆ. ಸೈಕಲ್ ಭಾರ, ತುಳಿಯೋಕಾಗಲ್ಲ, ಚೈನಿಗೆ ಎಣ್ಣೆ ಬಿಡಬೇಕು ಅಂತ ಒದ್ದಾಡುವವರು ಒಮ್ಮೆ ಮುಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ಎಣ್ಣೆ ಬೇಕಾಗಿರೋದು ಚೈನಿಗಲ್ಲ, ಬಿಚ್ಚಬೇಕಾಗಿರೋದು ಗಂಟು!

ಎರಡನೇ ಥರ, ಅಗಲ ಟೈರಿನ ಹೊಸ ಸೈಕಲ್‌ಗಳು. ಸರ್ಕಾರ 2006-07ರಲ್ಲಿ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡೋಕೆ ಆರಂಭಿಸಿದ ಮೇಲೆ ಹಳ್ಳಿಗಳಲ್ಲಿ ಹುಡುಗಿಯರೂ ಸೈಕಲ್ಲಿನಲ್ಲಿ ಶಾಲೆಗೆ ಬರೋದು ಹೆಚ್ಚಾಯಿತು. ಆಗ ಬಂದ ಸೈಕಲ್ಲುಗಳು ಈಗಲೂ ಅಕ್ಕಂದಿರಿಂದ ತಮ್ಮಂದಿರಿಗೆ ಇಳಿದು ಬರ್ತಾ ಇವೆ. ಈ ಅಗಲ ಟೈರಿನ ಸೈಕಲ್‌ಗಳಲ್ಲಿ ಸರಳಿನ ಬದಲು ಕೇಬಲ್. ಹೊರಗಡೆ ಕಪ್ಪು ಕೊಳವೆ, ಒಳಗಡೆ ತೆಳು ತಂತಿ. ಕೇಬಲ್ಲು ಹ್ಯಾಂಡಲ್‌ನಿಂದ ಹೊರಟು ಮುಂದಕ್ಕೆ ದೊಡ್ಡ ಬಳಸು ಹಾಕಿಕೊಂಡು ಚಕ್ರದ ಕಡೆಗೆ ಹೋಗುತ್ತದೆ. ಅಷ್ಟು ಉದ್ದ ಯಾಕೆ ಬಿಟ್ಟಿದ್ದಾರೆ, ಕತ್ತರಿಸಿ ಗಿಡ್ಡ ಮಾಡಬಾರದಾ ಅಂತ ನಮ್ಮ ಕ್ಲಾಸಿನಲ್ಲೇ ಒಬ್ಬ ಕೇಳಿದ. ಹ್ಯಾಂಡಲ್ ತಿರುಗುತ್ತದೆ, ಫ್ರೇಮ್ ತಿರುಗೋದಿಲ್ಲ. ಹಿಂದಿನ ಬ್ರೇಕಿನ ಕೇಬಲ್ ತಿರುಗುವ ಜಾಗದಿಂದ ತಿರುಗದ ಜಾಗಕ್ಕೆ ದಾಟಬೇಕು. ಹ್ಯಾಂಡಲ್ ಪೂರ್ತಿ ಒಂದು ಕಡೆ ತಿರುಗಿದಾಗ ಸಾಲುವಷ್ಟು ಉದ್ದ ಇರಲೇಬೇಕು. ಬ್ಯಾಗಿನ ಪಟ್ಟಿಯಿಂದ ಆ ಬಳಸನ್ನು ಸೇರಿಸಿ ಕಟ್ಟಿದರೆ ತಿರುವಿನಲ್ಲಿ ಕೇಬಲ್ ಎಳೆದುಕೊಂಡು ಬ್ರೇಕು ತಾನಾಗೇ ಹಿಡಿಯಬಹುದು. ಬ್ಯಾಗಿನ ಬೆನ್ನು ಕೇಬಲ್ಲನ್ನು ಒತ್ತಿ ಚೂಪಾಗಿ ಬಗ್ಗಿಸಿದರೆ ಒಳಗಿನ ತಂತಿ ಕೊಳವೆಗೆ ಉಜ್ಜುತ್ತದೆ, ಘರ್ಷಣೆ ಜಾಸ್ತಿಯಾಗುತ್ತದೆ. ಅದುಮಿದ ಹಿಡಿ ವಾಪಸ್ ಬರೋದು ನಿಧಾನ ಆಗುತ್ತದೆ. ನಮ್ಮಲ್ಲಿ ಇದರ ಜೊತೆಗೆ ಧೂಳು ಬೇರೆ. ಗಾಳಿ ಕಾಲದಲ್ಲಿ ಸೈನೈಡ್ ದಿಬ್ಬಗಳಿಂದ ಹಾರಿ ಬರೋ ನುಣ್ಣನೆಯ ಪುಡಿ ಎಲ್ಲಿ ಸಂದು ಸಿಕ್ಕರೂ ನುಗ್ಗುತ್ತದೆ. ಬಗ್ಗಿ ಸೀಳಿದ ಕೇಬಲ್ ಕೊಳವೆ ಅದಕ್ಕೆ ಬಾಗಿಲು ತೆರೆದ ಹಾಗೆ.

ಇನ್ನು ಓಲಾಟದ ವಿಷಯ. ನಮ್ಮ ತಾತ ಕೆ.ಜಿ.ಎಫ್. ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ತನಕ ಶಿಫ್ಟಿಗೆ ಹೋಗಿ ಬರೋದು ಸೈಕಲ್ಲಿನಲ್ಲೇ. ಹ್ಯಾಂಡಲ್‌ಗೆ ಟಿಫನ್ ಕ್ಯಾರಿಯರ್. "ನಿಧಾನವಾಗಿ ತುಳಿದರೆ ಸಾರು ಚೆಲ್ಲೋದು, ಜೋರಾಗಿ ತುಳಿದರೆ ಚೆಲ್ತಿರಲಿಲ್ಲ ಕಣಪ್ಪಾ" ಅಂತ ಈಗಲೂ ಹೇಳುತ್ತಾರೆ. ತಮಾಷೆ ಅಂದುಕೊಂಡಿದ್ದೆವು. ಲೋಲಕದ ಪಾಠ ಆದ ಮೇಲೆ ನಾನೂ ನನ್ನ ಗೆಳೆಯನೂ ಲೆಕ್ಕ ಮಾಡಿದೆವು. 25 ಸೆಂ.ಮೀ. ಉದ್ದದ ಲೋಲಕ ಒಂದು ಸಲ ಹೋಗಿ ಬರೋಕೆ ಸರಿಸುಮಾರು 1 ಸೆಕೆಂಡ್. ಆರಾಮಾಗಿ ಸೈಕಲ್ ತುಳಿಯುವಾಗ ಪೆಡಲ್ ಒಂದು ಸುತ್ತು ಬರೋಕೂ ಹೆಚ್ಚುಕಡಿಮೆ 1 ಸೆಕೆಂಡ್! ಎಡಗಾಲು, ಬಲಗಾಲು ಅಂತ ನಾವು ಪ್ರತಿ ಸುತ್ತಿಗೂ ಆ ಕಡೆ ಈ ಕಡೆ ಸ್ವಲ್ಪ ವಾಲುತ್ತೇವಲ್ಲ, ಅದು ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಇದಕ್ಕೆ ಅನುರಣನೆ ಅನ್ನುತ್ತಾರೆ. ತಾತ ಜೋರಾಗಿ ತುಳಿದಾಗ ತಾಳ ತಪ್ಪುತ್ತಿತ್ತು, ಸಾರು ಉಳಿಯುತ್ತಿತ್ತು. ಗಣಿಯ ಲೆಕ್ಕ ಬುಕ್ಕಿನ ಲೆಕ್ಕ ಒಂದೇ ಆಯಿತು.

ಸಾರಿನ ಬದಲು ಬ್ಯಾಗು ಅಂದುಕೊಳ್ಳಿ. ಅದು ಓಲಾಡುವಾಗೆಲ್ಲ ಹ್ಯಾಂಡಲನ್ನೂ ಎಳೆಯುತ್ತದೆ. ಒಂದೇ ಕಡೆಗೆ ನೇತು ಹಾಕಿದರೆ ಇನ್ನೂ ಕಷ್ಟ. ಇದನ್ನು ನೀವೇ ಪರೀಕ್ಷೆ ಮಾಡಬಹುದು. ಗೆಳೆಯನ ಕೈಲಿ ಸೀಟು ಹಿಡಿಸಿ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಹ್ಯಾಂಡಲನ್ನು ಬಿಡಿ. ಬಲಗಡೆ ತುದಿಗೆ ಬ್ಯಾಗು ಸಿಕ್ಕಿಸಿ. ಯಾರೂ ಮುಟ್ಟದೆ ಹ್ಯಾಂಡಲ್ ಬಲಕ್ಕೆ ತಿರುಗುತ್ತದೆ. ಯಾಕಂದ್ರೆ ಹ್ಯಾಂಡಲ್ ತಿರುಗುವ ಅಚ್ಚು ನೆಟ್ಟಗಿಲ್ಲ, ಮೇಲಿನ ತುದಿ ಸವಾರನ ಕಡೆಗೆ ವಾಲಿದೆ. ಬಲಕ್ಕೆ ತಿರುಗಿದಾಗ ಬಲ ತುದಿ ಹಿಂದಕ್ಕೆ ಬಂದು ಸ್ವಲ್ಪ ಕೆಳಗೂ ಇಳಿಯುತ್ತದೆ. ಭಾರ ಯಾವತ್ತೂ ಕೆಳಗೆ ಇಳಿಯೋ ದಾರಿ ನೋಡುತ್ತದೆ ಅಷ್ಟೇ. ಬ್ಯಾಗನ್ನು ಮಧ್ಯದಲ್ಲೇ ಇಟ್ಟರೂ ತುಂಬಾ ಮುಂದಕ್ಕೆ ಚಾಚಿದರೆ, ತಿರುಗಿದ ಕಡೆಗೇ ಹ್ಯಾಂಡಲ್ ಬೀಳುತ್ತದೆ. ಆದ್ದರಿಂದ ಬ್ಯಾಗು ಮಧ್ಯದಲ್ಲಿರಬೇಕು, ಫ್ರೇಮಿನ ತಲೆಗೆ ಹತ್ತಿರ ಇರಬೇಕು, ಆದರೆ ಬ್ರೇಕ್ ಸರಳಿಗೆ ತಾಗಬಾರದು. ಹತ್ತಿರ ಇರಬೇಕು, ತಾಗಬಾರದು. ಕಷ್ಟ ಇರೋದೇ ಇಲ್ಲಿ.

ನಾನು ಮಾಡಿಸಿರೋದು ಬ್ಯಾಗಿಗೆ ಒಂದು ಕುರ್ಚಿ. ಬೋರ್‌ವೆಲ್ಲಿನಿಂದ ನೀರು ಹೊರುವಾಗ ಕೊಡದ ಭಾರ ಸೊಂಟದ ಮೇಲೆ ಕೂತಿರುತ್ತದೆ, ಕೈ ಬರೀ ಬೀಳದ ಹಾಗೆ ಹಿಡಿದಿರುತ್ತದೆ. ಹಾಗೆಯೇ ಬ್ಯಾಗಿನ ಭಾರ ಚಕ್ರದ ಅಚ್ಚಿನ ಮೇಲೆ ಹೋಗಬೇಕು, ಹ್ಯಾಂಡಲ್ ಬರೀ ಹಿಡಿದಿರಬೇಕು. ಕುರ್ಚಿಗೆ ಬೆನ್ನು ಒಂದು ಹಲಗೆ, ತಳ ಒಂದು ಹಲಗೆ, ಕಾಲು ಎರಡು ಕಬ್ಬಿಣದ ಪಟ್ಟಿ. ಹಲಗೆಗಳು ಮನೆಯಲ್ಲಿ ಉಳಿದಿದ್ದ ಪ್ಲೈವುಡ್. ಕಾಲುಗಳು ಆಂಡರ್ಸನ್‌ಪೇಟೆ ಗುಜರಿ ಅಂಗಡಿಯಲ್ಲಿ ಸಿಕ್ಕಿದ ಹಳೇ ಸೈಕಲ್ ಬುಟ್ಟಿಯವು. ಅಲ್ಲೇ ಸೈಕಲ್ ಶಾಪಿನಲ್ಲಿ ಜೋಡಿಸಿಕೊಂಡೆ. "ಏನು ತಂಬಿ, ಮುಂದೆ ಕುರ್ಚಿ ಹಾಕಿಸ್ತೀಯಾ? ಯಾರನ್ನ ಕೂರಿಸ್ತೀಯಾ?" ಅಂತ ಶಾಪಿನವರು ನಕ್ಕರು. "ಸಮಾಜ ವಿಜ್ಞಾನ ಕೂರಿಸ್ತೀನಿ ಅಣ್ಣಾ" ಅಂದೆ. ಆ ಪುಸ್ತಕದ ದಪ್ಪ ಒಂಬತ್ತನೇ ಕ್ಲಾಸಿನವರಿಗೆ ಗೊತ್ತು.

ಬೆನ್ನಿನ ಹಲಗೆಯ ಎತ್ತರ ಅವರವರ ಸೈಕಲ್ ಮೇಲೆ ಹೋಗುತ್ತದೆ. ಹ್ಯಾಂಡಲ್‌ನಿಂದ ಮಡ್‌ಗಾರ್ಡ್ ತನಕ ಅಳೆದು, ಅದರಲ್ಲಿ 2 ಇಂಚು ಕಳೆಯಿರಿ. ನನ್ನದಕ್ಕೆ 8 ಇಂಚು ಬಂತು. ಅಗಲ 10 ಇಂಚು ಸಾಕು, ಇನ್ನೂ ಅಗಲ ಮಾಡಿದರೆ ಬ್ರೇಕ್ ಅದುಮುವ ಬೆರಳುಗಳಿಗೆ ತಾಗುತ್ತದೆ. ಹಲಗೆಯನ್ನು ಹ್ಯಾಂಡಲ್‌ಗೆ ನೇರವಾಗಿ ಅಂಟಿಸಬಾರದು. ಮಧ್ಯೆ ಒಂದೂವರೆ ಇಂಚು ದಪ್ಪದ ಎರಡು ರೀಪರ್ ತುಂಡು ಕೊಟ್ಟಿದ್ದೇನೆ, ಎಡಕ್ಕೊಂದು ಬಲಕ್ಕೊಂದು. ಆ ಒಂದೂವರೆ ಇಂಚಿನ ಸಂದಿನಲ್ಲಿ ಸರಳು ತನ್ನಷ್ಟಕ್ಕೆ ಮೇಲೆ ಕೆಳಗೆ ಆಡುತ್ತದೆ. ಬ್ಯಾಗು ಎಷ್ಟೇ ಉಬ್ಬಿದರೂ ಹಲಗೆ ಗೋಡೆಯ ಹಾಗೆ ಅಡ್ಡ ನಿಂತಿರುತ್ತದೆ. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಮಿಕ್ಕಿದ್ದೆಲ್ಲಾ ಬಡಗಿ ಕೆಲಸ.

ಹ್ಯಾಂಡಲ್‌ಗೆ ಹಿಡಿಸೋಕೆ ನಲ್ಲಿ ಪೈಪಿನ ಕ್ಲಾಂಪ್ ಸಾಕು. ಹ್ಯಾಂಡಲ್ ಕೊಳವೆಯ ದಪ್ಪ 22 ಮಿ.ಮೀ. ಇರುತ್ತದೆ. ಮುಕ್ಕಾಲು ಇಂಚಿನ ಕಬ್ಬಿಣದ ಪೈಪಿನ ಹೊರಗಿನ ದಪ್ಪ 27 ಮಿ.ಮೀ. ಹತ್ತಿರ. (ಮುಕ್ಕಾಲು ಇಂಚು ಅನ್ನೋದು ಪೈಪಿನ ಒಳಗಿನ ಲೆಕ್ಕ. ಅಂಗಡಿಯಲ್ಲಿ ಅಳೆದು ನೋಡಿದ್ದರಿಂದ ಗೊತ್ತಾಯಿತು.) ಹಾಗಾಗಿ ಹ್ಯಾಂಡಲ್‌ಗೆ ಹಳೇ ಟ್ಯೂಬಿನ ರಬ್ಬರ್ ಎರಡು ಸುತ್ತು ಸುತ್ತಿ, ಮುಕ್ಕಾಲು ಇಂಚಿನ ಕ್ಲಾಂಪ್ ಹಾಕಿದರೆ ಗಟ್ಟಿಯಾಗಿ ಕೂರುತ್ತದೆ, ಜಾರೋದಿಲ್ಲ, ನಿಕಲ್ ಸವೆಯೋದೂ ಇಲ್ಲ. ಹ್ಯಾಂಡಲ್‌ಗೂ ಬ್ರೇಕ್ ಸರಳಿಗೂ ಮಧ್ಯೆ ಇರುವ ಸಣ್ಣ ಸಂದಿನಲ್ಲಿ ಕ್ಲಾಂಪ್ ತೂರಬೇಕು. ಸರಳನ್ನು ಸೇರಿಸಿ ಕ್ಲಾಂಪ್ ಬಿಗಿದರೆ ಕಥೆ ಮುಗಿಯಿತು. ಬೋಲ್ಟಿನ ಉದ್ದದ ತುದಿ ಸರಳಿನ ಕಡೆಗೆ ಚಾಚದ ಹಾಗೆ ನಟ್ಟು ಮುಂದಕ್ಕೆ ಬರಲಿ.

ತಳದ ಹಲಗೆ ಮಡ್‌ಗಾರ್ಡಿನಿಂದ ನಾಲ್ಕು ಬೆರಳು ಅಂದ್ರೆ 2 ಇಂಚಿಗಿಂತ ಕಮ್ಮಿ ಆಗದಷ್ಟು ಮೇಲೆ ಇರಬೇಕು. ಗುಂಡಿಗೆ ಇಳಿದಾಗ ಪಟ್ಟಿ ಸ್ವಲ್ಪ ಬಗ್ಗುತ್ತದೆ, ನಮ್ಮ ರಸ್ತೆಯಲ್ಲಿ ಗುಂಡಿಗೆ ಬರವಿಲ್ಲ. ಹಲಗೆಯ ಕೆಳಗಿನಿಂದ ಎರಡು ಪಟ್ಟಿ ಇಳಿದು ಮುಂದಿನ ಚಕ್ರದ ಅಚ್ಚಿನ ನಟ್ಟಿಗೆ ಸೇರುತ್ತವೆ. ನಟ್ಟು ಬಿಚ್ಚುವಾಗ ಒಂದು ಕಡೆ ಆದ ಮೇಲೆ ಇನ್ನೊಂದು ಕಡೆ ಬಿಚ್ಚಿ, ಚಕ್ರ ಓರೆಯಾಗೋದಿಲ್ಲ. ವಾಷರ್ ಮರೆಯಬೇಡಿ. ಫೋರ್ಕು, ಹ್ಯಾಂಡಲ್, ಚಕ್ರ ಮೂರೂ ಒಟ್ಟಿಗೆ ತಿರುಗೋದರಿಂದ ಕುರ್ಚಿಯೂ ಅವುಗಳ ಜೊತೆಗೇ ತಿರುಗುತ್ತದೆ, ಎಲ್ಲೂ ಉಜ್ಜೋದಿಲ್ಲ. ಆದರೆ ಬೆನ್ನಿನ ಹಲಗೆಯ ಕೆಳಮೂಲೆಗಳನ್ನು ಮಾತ್ರ ನೋಡಿಕೊಳ್ಳಿ. ಹ್ಯಾಂಡಲ್ ಪೂರ್ತಿ ತಿರುಗಿದಾಗ ಒಂದು ಮೂಲೆ ಫ್ರೇಮಿನ ಹತ್ತಿರ ಬರುತ್ತದೆ. ತಾಗಿದರೆ ಗರಗಸದಲ್ಲಿ ಮೂಲೆ ಕತ್ತರಿಸಿ ಗುಂಡಗೆ ಮಾಡಿ.

ಕೇಬಲ್ ಸೈಕಲ್ಲಿಗೂ ಇದೇ ಕುರ್ಚಿ ಆಗುತ್ತದೆ, ರೀಪರ್ ತುಂಡು ಮಾತ್ರ ಇನ್ನೂ ದಪ್ಪ ಬೇಕು. ಕೇಬಲ್ಲಿನ ಬಳಸು ಹಲಗೆಯ ಹಿಂದೆ ಒತ್ತಡ ಇಲ್ಲದೆ ಕೂರುವಷ್ಟು. ಎರಡು ಇಂಚಿಗೂ ಆಗದಿದ್ದರೆ ಹಲಗೆಯ ಮೇಲಂಚಿನಲ್ಲಿ ಅರ್ಧಚಂದ್ರದ ಹಾಗೆ ಕಚ್ಚು ತೆಗೆದು ಅದರಲ್ಲಿ ಕೇಬಲ್ ಹೊರಗೆ ಬರುವ ಹಾಗೆ ಬಿಡಿ. ನನ್ನ ಗೆಳೆಯ ಹಾಗೆ ಮಾಡಿದ್ದಾನೆ, ಚೆನ್ನಾಗಿದೆ. ಕೇಬಲ್ಲನ್ನು ಯಾವುದಕ್ಕೂ ದಾರ ಹಾಕಿ ಕಟ್ಟಬೇಡಿ.

ಬ್ಯಾಗನ್ನು ಕುರ್ಚಿಗೆ ಕಟ್ಟೋಕೆ ಟ್ಯೂಬಿನಿಂದ ಕತ್ತರಿಸಿದ ಎರಡು ರಬ್ಬರ್ ಪಟ್ಟಿ ಬಳಸುತ್ತೇನೆ. ಬ್ಯಾಗಿನ ಸ್ವಂತ ಪಟ್ಟಿಗಳು ಬೆನ್ನಿನ ಹಲಗೆಯ ಕಡೆಗೆ ಇರಬೇಕು, ತುದಿಗಳನ್ನು ಒಳಗೆ ಸಿಕ್ಕಿಸಬೇಕು. ಆ ಅಣ್ಣನ ಹಲ್ಲು ನೆನಪಿಡಿ.

ಎಲ್ಲಾ ಆದ ಮೇಲೆ ಸೈಕಲ್ ಹತ್ತೋದಕ್ಕೆ ಮುಂಚೆ ಪರೀಕ್ಷೆ ಮಾಡಬೇಕು, ಅದೂ ಬ್ಯಾಗು ತುಂಬಿಸಿಟ್ಟು. ಖಾಲಿ ಬ್ಯಾಗಿನಲ್ಲಿ ಎಲ್ಲವೂ ಸರಿಯಾಗೇ ಕಾಣುತ್ತದೆ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬ್ರೇಕ್ ಅದುಮಿ ಬಿಡಿ, ಪೂರ್ತಿ ಬಲಕ್ಕೆ ತಿರುಗಿಸಿ ಅದುಮಿ ಬಿಡಿ. ಬಿಟ್ಟ ಕೂಡಲೇ ಹಿಡಿ ಟಪ್ ಅಂತ ವಾಪಸ್ ಬರಬೇಕು. ಮುಂದಿನ ಚಕ್ರ ಎತ್ತಿ ತಿರುಗಿಸಿ, ಸದ್ದು ಮಾಡದೆ ತಿರುಗಬೇಕು. ಆಮೇಲೆ ಸೈಕಲ್ಲನ್ನು ಒಂದು ಗೇಣು ಎತ್ತಿ ನೆಲಕ್ಕೆ ಕುಕ್ಕಿ, ಬ್ಯಾಗು ಜಾರಿತಾ ಅಂತ ನೋಡಿ. ಒಂದು ವಾರ ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೆ ಒಮ್ಮೆ ಬಿಗಿ ಮಾಡಿ. ಹೊಸದಾಗಿ ಹಾಕಿದ ನಟ್ಟು ಸ್ವಲ್ಪ ಸಡಿಲ ಆಗೋದು ಸಹಜ, ಪ್ಲೈವುಡ್ ಬೇರೆ ಅದುಮಿಕೊಳ್ಳುತ್ತದೆ.

ಭಾರ ಎಷ್ಟು ಹಾಕಬಹುದು? ನನ್ನ ಬ್ಯಾಗನ್ನು ಅಂಗಡಿ ತಕ್ಕಡಿಯಲ್ಲಿ ತೂಗಿಸಿದೆ, 4 ಕೆ.ಜಿ. 600 ಗ್ರಾಂ. 2019ರಲ್ಲಿ ನಮ್ಮ ರಾಜ್ಯದ ಶಿಕ್ಷಣ ಇಲಾಖೆ ಹೊರಡಿಸಿದ ಆದೇಶದ ಪ್ರಕಾರ 6ರಿಂದ 8ನೇ ತರಗತಿಗೆ 3ರಿಂದ 4 ಕೆ.ಜಿ., 9 ಮತ್ತು 10ಕ್ಕೆ 4ರಿಂದ 5 ಕೆ.ಜಿ. ಬ್ಯಾಗು. ಅಷ್ಟನ್ನು ಈ ಕುರ್ಚಿ ಸುಲಭವಾಗಿ ಹೊರುತ್ತದೆ. ದಪ್ಪ ಪುಸ್ತಕಗಳು ಹಲಗೆಯ ಕಡೆಗೆ, ಊಟದ ಡಬ್ಬಿ, ಕಂಪಾಸು ಮುಂದಕ್ಕೆ ಇಡಿ. ಇದೊಂದರಿಂದಲೇ ಹ್ಯಾಂಡಲ್ ಎಷ್ಟು ಹಗುರ ಆಗುತ್ತದೆ ಅಂತ ತುಳಿದವರಿಗೇ ಗೊತ್ತಾಗುತ್ತದೆ. ಬ್ಯಾಗಿನ ಜೊತೆಗೆ ಅಕ್ಕಿ ಮೂಟೆಯನ್ನೂ ಮುಂದೆ ಇಡೋಣ ಅನ್ನುವ ಅಪ್ಪಂದಿರಿಗೆ ದಯವಿಟ್ಟು ಬೇಡ ಅನ್ನಿ. ಮೂಟೆಗೆ ಕ್ಯಾರಿಯರ್ ಇದೆ, ತಂಗಿ ಒಂದು ದಿನ ನಡೆದು ಬರಲಿ.

ಇದೇನು ನಾನೇ ಕಂಡುಹಿಡಿದದ್ದಲ್ಲ. ಫ್ರಾನ್ಸ್ ದೇಶದಲ್ಲಿ ಪ್ಯಾರಿಸ್‌ನಿಂದ ಬ್ರೆಸ್ಟ್ ಊರಿಗೆ ಹೋಗಿ ವಾಪಸ್ ಬರುವ, ಸುಮಾರು 1,200 ಕಿ.ಮೀ. ದೂರದ ಸೈಕಲ್ ಓಟ 1891ರಲ್ಲಿ ಶುರುವಾಯಿತು. ಅಂಥ ದೂರದ ಸವಾರರಲ್ಲಿ ಎಷ್ಟೋ ಜನ ಹ್ಯಾಂಡಲ್ ಬ್ಯಾಗನ್ನು ಮುಂದಿನ ಚಕ್ರದ ಮೇಲೆ ಒಂದು ಪುಟ್ಟ ಕ್ಯಾರಿಯರ್ ಹಾಕಿ ಅದರ ಮೇಲೆ ಕೂರಿಸುತ್ತಾರೆ. ಇಂಗ್ಲೆಂಡಿನ ಬ್ರಾಂಪ್ಟನ್ ಅನ್ನುವ ಮಡಚುವ ಸೈಕಲ್ಲಿನಲ್ಲಿ ಮುಂದಿನ ಬ್ಯಾಗನ್ನು ಹ್ಯಾಂಡಲ್‌ಗೆ ಕಟ್ಟೋದೇ ಇಲ್ಲ, ಫ್ರೇಮಿನ ತಲೆಗೆ ಸಿಕ್ಕಿಸುತ್ತಾರೆ. ಹ್ಯಾಂಡಲ್ ತಿರುಗಿದರೂ ಬ್ಯಾಗು ಅಲುಗಾಡೋದಿಲ್ಲ. ಅದು ನಮ್ಮ ಕುರ್ಚಿಗಿಂತ ಒಳ್ಳೆಯ ಉಪಾಯ ಅಂತ ನನಗೆ ಅನಿಸುತ್ತದೆ. ಆದರೆ ನಮ್ಮ ಕಪ್ಪು ಸೈಕಲ್ಲಿನ ತಲೆಯ ಮುಂದೆ ಬ್ರೇಕ್ ಸರಳು ಇಳಿದಿರೋದರಿಂದ ಅಲ್ಲಿ ಏನನ್ನೂ ಸಿಕ್ಕಿಸೋಕೆ ಜಾಗವೇ ಇಲ್ಲ.

ಒಂದು ತೊಂದರೆ ಮಾತ್ರ ಉಳಿಯಿತು. ಹಳೇ ಸೈಕಲ್ಲಿನಲ್ಲಿ ದೀಪ ಇರೋದು ಹ್ಯಾಂಡಲ್‌ನ ಮಧ್ಯದಲ್ಲಿ, ಈಗ ಬ್ಯಾಗು ಅದಕ್ಕೆ ಅಡ್ಡ. ಸ್ಪೆಷಲ್ ಕ್ಲಾಸ್ ಮುಗಿಸಿ ಮನೆಗೆ ಹೋಗುವಾಗ ಚಳಿಗಾಲದಲ್ಲಿ ಕತ್ತಲಾಗಿರುತ್ತದೆ. ದೀಪದ ಕೊಕ್ಕೆಯನ್ನು ಬಿಚ್ಚಿ ಎಡಗಡೆ ಕಾಲು-ಪಟ್ಟಿಯ ಮೇಲ್ಭಾಗಕ್ಕೆ, ಹೊರಮುಖವಾಗಿ ಬೋಲ್ಟ್ ಹಾಕಿಸಿದ್ದೇನೆ. ಬೆಳಕು ಮೊದಲಿಗಿಂತ ತಗ್ಗಿನಿಂದ ಬರೋದರಿಂದ ಗುಂಡಿಗಳ ನೆರಳು ಉದ್ದವಾಗಿ ಬಿದ್ದು ದೂರದಿಂದಲೇ ಕಾಣುತ್ತವೆ.